ಹಲ್ಲು ಹೇಳಿದ್ದು, ಬೂದಿ ತಿದ್ದಿದ್ದು: ದಕ್ಷಿಣ ಅಮೆರಿಕದ ಹಳೆಯ ಇಲಿಗಳ ಕಥೆ

ನಿಮ್ಮಲ್ಲಿ ಬಹಳ ಜನ ಇವತ್ತು ಬಂದಿರುವುದು ಆ ದೈತ್ಯ ಇಲಿಯನ್ನು ನೋಡೋಕೆ ಅಂತ ನನಗೆ ಗೊತ್ತು. ಅರ್ಧ ಮೀಟರಿಗಿಂತ ಉದ್ದದ ತಲೆಬುರುಡೆ ಇರುವ ಇಲಿ ಅಂದರೆ ಯಾರಿಗೆ ಕುತೂಹಲ ಇರಲ್ಲ ಹೇಳಿ. ಅದು ಖಂಡಿತ ಬರುತ್ತದೆ, ಸ್ವಲ್ಪ ತಡವಾಗಿ ಬರುತ್ತದೆ. ಅದಕ್ಕೂ ಮೊದಲು ಪರದೆಯ ಮೇಲಿರುವ ಈ ಹಲ್ಲನ್ನು ನೋಡಿ. ಇಲ್ಲಿ ಗೋಡೆ ತುಂಬ ಕಾಣುತ್ತಿದೆ, ನಿಜಕ್ಕೂ ಇರುವುದು ಒಂದೆರಡು ಮಿಲಿಮೀಟರ್. ಪೆರು ದೇಶದ ಕೊಂಟಮಾನಾ ಅನ್ನುವ ಊರಿನ ಹತ್ತಿರ, ಅಮೆಜಾನ್ ಕಾಡಿನ ನಡುವೆ ಸಿಕ್ಕಂಥ ಹಲ್ಲು ಇದು.

ಇಷ್ಟು ಚಿಕ್ಕ ಹಲ್ಲನ್ನು ಯಾರೂ ಓಡಾಡುತ್ತಾ ಕಣ್ಣಿಗೆ ಬಿತ್ತು ಅಂತ ಎತ್ತಿಕೊಳ್ಳೋಕೆ ಆಗಲ್ಲ. ಜೇಡಿಮಣ್ಣನ್ನು ಮೂಟೆಗಟ್ಟಲೆ ಅಗೆದು ತರಬೇಕು. ಒಣಗಿಸಬೇಕು, ಮತ್ತೆ ನೀರಿನಲ್ಲಿ ನೆನೆಹಾಕಬೇಕು. ಒಣಗಿದ ಮಣ್ಣು ನೀರು ಕುಡಿದು ತಾನಾಗಿಯೇ ಕರಗುತ್ತದೆ. ಆಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಮರಳನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಒದ್ದೆ ಮಾಡಿದ ಕುಂಚದ ತುದಿಯಿಂದ ಒಂದೊಂದೇ ಕಣ ಸರಿಸುತ್ತಾ ಹುಡುಕಬೇಕು. ಮೀನಿನ ಮುಳ್ಳು, ಹಲ್ಲಿಯ ದವಡೆಯ ಚೂರು, ಬೀಜದ ಸಿಪ್ಪೆ ಸಿಗುತ್ತವೆ. ಅವುಗಳ ನಡುವೆ ಅಪರೂಪಕ್ಕೆ ಒಂದು ಇಲಿ ಹಲ್ಲು.

ಇಷ್ಟು ಕಷ್ಟ ಯಾಕೆ? ದೊಡ್ಡ ಪ್ರಾಣಿಗಳ ಮೂಳೆ ಸಿಗಲ್ವಾ? ಸಿಗುತ್ತೆ. ಆದರೆ ದೊಡ್ಡ ಪ್ರಾಣಿ ಮೇವು ಹುಡುಕಿಕೊಂಡು ಎಷ್ಟೋ ದೂರ ನಡೆಯುತ್ತದೆ. ಅದು ಸತ್ತ ಜಾಗ ಬೇರೆ, ಬದುಕಿದ ಜಾಗ ಬೇರೆ ಆಗಿರಬಹುದು. ಇಲಿ ಹಾಗಲ್ಲ. ಒಂದು ಪೊದೆ, ಒಂದು ಬಿಲ, ಒಂದು ತುಂಡು ಹುಲ್ಲುಗಾವಲು, ಅಷ್ಟರಲ್ಲೇ ಅದರ ಬಾಳು ಮುಗಿಯುತ್ತದೆ. ಬೇಗ ಬೇಗ ಮರಿ ಹಾಕುವುದರಿಂದ ಸಂಖ್ಯೆಯೂ ಜಾಸ್ತಿ. ಜೊತೆಗೆ ಗೂಬೆಗಳ ಸಹಾಯ ಇದೆ. ಗೂಬೆ ಇಲಿಯನ್ನು ನುಂಗಿ, ಅರಗದ ಕೂದಲು ಮೂಳೆಗಳನ್ನು ಉಂಡೆ ಮಾಡಿ ಹೊರಗೆ ಹಾಕುತ್ತದೆ. ಅದು ಕೂರುವ ಜಾಗದ ಕೆಳಗೆ ಇಂಥ ಉಂಡೆಗಳು ರಾಶಿ ಬೀಳುತ್ತವೆ. ಒಂದು ಊರಿನಲ್ಲಿ ಯಾವ ಯಾವ ಇಲಿ ಇದ್ದವು ಅಂತ ಯಾರೋ ನಮಗೋಸ್ಕರ ಸಂಗ್ರಹ ಮಾಡಿಟ್ಟ ಹಾಗೆಯೇ ಸರಿ.

ಇನ್ನು ಹಲ್ಲಿನ ವಿಷಯ. ಇಲಿ, ಅಳಿಲು, ಮುಳ್ಳುಹಂದಿ ಇವೆಲ್ಲ ಸೇರಿದ ಗುಂಪಿಗೆ ಪಠ್ಯಪುಸ್ತಕಗಳಲ್ಲಿ ದಂಶಕಗಳು ಅಂತಾರೆ. ಮುಂದಿನ ಬಾಚಿಹಲ್ಲು ಈ ಗುಂಪಿನ ಎಲ್ಲದರಲ್ಲೂ ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ನಮಗೆ ಸುದ್ದಿ ಕೊಡುವುದು ಹಿಂದಿನ ದವಡೆ ಹಲ್ಲು. ಮೆತ್ತಗಿನ ಹಣ್ಣು, ಬೀಜ, ಎಳೆ ಎಲೆ ತಿನ್ನುವವಕ್ಕೆ ಗಿಡ್ಡ ಹಲ್ಲು, ಗಟ್ಟಿ ಬೇರು. ಹಲ್ಲು ಸವೆಯುವಂಥ ಆಹಾರ ತಿನ್ನುವವಕ್ಕೆ ಎತ್ತರದ ಹಲ್ಲು. ಇನ್ನೂ ಮುಂದೆ ಹೋದರೆ, ಗಿನಿಪಿಗ್ ಮತ್ತು ಆಂಡೀಸ್ ಪರ್ವತಗಳ ಮೆತ್ತನೆ ತುಪ್ಪಳದ ಚಿಂಚಿಲಾಗಳಲ್ಲಿ ದವಡೆ ಹಲ್ಲೂ ಬೇರು ಬಿಡುವುದೇ ಇಲ್ಲ. ಸವೆದಷ್ಟೂ ಕೆಳಗಿನಿಂದ ಬೆಳೆಯುತ್ತಾ ಹೋಗುತ್ತದೆ. ಹಾಗಾಗಿ ಹಲ್ಲಿನ ಎತ್ತರ ನೋಡಿ ಊಟ ಹೇಳಬಹುದು, ಊಟ ನೋಡಿ ಕಾಡೋ ಬಯಲೋ ಹೇಳಬಹುದು. ಇದು ಮೊದಲ ಪಾಠ. ಈ ಪಾಠ ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೂ ಇವತ್ತು ನೋಡೋಣ, ನನಗೆ ಅದೇ ಹೆಚ್ಚು ಇಷ್ಟದ ಭಾಗ.

ಪರದೆಯ ಹಲ್ಲಿಗೆ ಬರುತ್ತೇನೆ. ದಕ್ಷಿಣ ಅಮೆರಿಕ ಬಹಳ ಕಾಲ ಒಂದು ದ್ವೀಪ. ಪನಾಮಾ ಕಡೆಯಿಂದ ಉತ್ತರ ಅಮೆರಿಕಕ್ಕೆ ನೆಲದ ದಾರಿ ಪೂರ್ತಿ ಆಗಿದ್ದು ಸುಮಾರು 30 ಲಕ್ಷ ವರ್ಷಗಳ ಹಿಂದೆ. ಅದಕ್ಕೂ ಮುಂಚೆ ಅಲ್ಲಿದ್ದ ಪ್ರಾಣಿಗಳೇ ಬೇರೆ. ಹುಲಿ, ತೋಳ ಯಾವುದೂ ಇಲ್ಲ. ಕುದುರೆ, ಜಿಂಕೆ ಇಲ್ಲ. ಅವುಗಳ ಜಾಗದಲ್ಲಿ ನೋಟೋಅಂಗ್ಯುಲೇಟ್ ಅನ್ನುವ ಗೊರಸಿನ ಪ್ರಾಣಿಗಳು, ನೆಲದ ಸ್ಲಾತ್‌ಗಳು, ಮರಿಚೀಲದ ಪ್ರಾಣಿಗಳ ಬಂಧುಗಳಾದ ಬೇಟೆಗಾರರು, ಹಾರಲಾರದ ದೊಡ್ಡ ಬೇಟೆಹಕ್ಕಿಗಳು. ಇಂಥ ದ್ವೀಪಕ್ಕೆ ಇಲಿ ಬಂದಿದ್ದು ಎಲ್ಲಿಂದ?

ಆಫ್ರಿಕಾದಿಂದ. ಈಜಿಪ್ಟಿನ ಫಯೂಮ್ ಪ್ರದೇಶದಲ್ಲಿ ಸಿಗುವ ಹಳೆಯ ದಂಶಕಗಳ ಹಲ್ಲಿಗೂ ಪೆರುವಿನ ಈ ಹಲ್ಲಿಗೂ ಹತ್ತಿರದ ಹೋಲಿಕೆ ಇದೆ. ಆಗ ಅಟ್ಲಾಂಟಿಕ್ ಈಗಿನಷ್ಟು ಅಗಲ ಇರಲಿಲ್ಲ, ಆದರೂ ಸಮುದ್ರ ಸಮುದ್ರವೇ. ಪ್ರವಾಹದಲ್ಲಿ ಮರ, ಬೇರು, ಮಣ್ಣು ಸಮೇತ ಕಿತ್ತುಹೋದ ನದಿ ದಡದ ತುಂಡುಗಳು ತೆಪ್ಪದ ಹಾಗೆ ತೇಲಿ ಬಂದಿರಬೇಕು, ಅದರ ಮೇಲೆ ಈ ಪ್ರಾಣಿಗಳೂ ಬಂದಿರಬೇಕು ಅನ್ನುವುದು ಈಗ ಹೆಚ್ಚಿನವರು ಒಪ್ಪುವ ಮಾತು. ನಂಬೋಕೆ ಕಷ್ಟ, ಅಲ್ವಾ? ಆದರೆ ಕೋತಿಗಳೂ ಹಾಗೇ ಬಂದವು. ಪೆರುವಿನ ಸಾಂಟಾ ರೋಸಾದಲ್ಲಿ ಸಿಕ್ಕ ಕೆಲವು ಪುಟ್ಟ ಹಲ್ಲುಗಳಿಗೆ 2020ರಲ್ಲಿ ಉಕಯಾಲಿಪಿಥೆಕಸ್ ಅಂತ ಹೆಸರಿಟ್ಟರು. ಅದು ಸೇರುವ ಕೋತಿ ಕುಟುಂಬ ಅಲ್ಲಿಯ ತನಕ ಆಫ್ರಿಕಾದಲ್ಲಿ ಮಾತ್ರ ಗೊತ್ತಿತ್ತು.

ಇಲ್ಲಿ ಒಂದು ನಿಮಿಷ ದಾರಿ ಬಿಟ್ಟು ಹೋಗುತ್ತೇನೆ. ಆಫ್ರಿಕಾದಿಂದ ಬಂದ ಈ ದಂಶಕಗಳ ಒಬ್ಬ ದೂರದ ನೆಂಟ ನಮ್ಮ ತೋಟ-ಕಾಡುಗಳಲ್ಲೇ ಇದ್ದಾನೆ: ಮುಳ್ಳುಹಂದಿ. ಎಲ್ಲಾದರೂ ಅದರ ತಲೆಬುರುಡೆ ನೋಡಲು ಸಿಕ್ಕರೆ ಕಣ್ಣಿನ ಗುಳಿಯ ಮುಂದೆ ನೋಡಿ. ಅಲ್ಲಿ ಬೆರಳು ತೂರುವಷ್ಟು ದೊಡ್ಡ ತೂತು ಇರುತ್ತದೆ. ಅಗಿಯುವ ಸ್ನಾಯುವಿನ ಒಂದು ಭಾಗ ಆ ತೂತಿನ ಮೂಲಕ ಮೂತಿಯ ಕಡೆಗೆ ಹಾದುಹೋಗುತ್ತದೆ. ಮನೆಯ ಇಲಿಯಲ್ಲಿ ಇಷ್ಟು ದೊಡ್ಡ ತೂತು ಇಲ್ಲ. ಗಿನಿಪಿಗ್‌ನಲ್ಲಿ ಇದೆ, ಅದರ ದೊಡ್ಡ ನೆಂಟ, ನೀರಿನ ಬಳಿ ಬದುಕುವ ಕ್ಯಾಪಿಬಾರಾದಲ್ಲಿ ಇದೆ, ನಾವು ಕೊನೆಗೆ ನೋಡಲಿರುವ ದೈತ್ಯನಲ್ಲೂ ಇದೆ. ಇನ್ನೊಂದು ಮಾತು. ದಕ್ಷಿಣ ಅಮೆರಿಕದಲ್ಲೂ ಮೈತುಂಬ ಮುಳ್ಳಿರುವ, ಮರ ಹತ್ತುವ ಪ್ರಾಣಿಗಳಿವೆ. ಅವು ನಮ್ಮ ಮುಳ್ಳುಹಂದಿಗಿಂತ ಗಿನಿಪಿಗ್‌ಗೇ ಹತ್ತಿರ. ಮುಳ್ಳು ಎರಡೂ ಕಡೆ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ.

ಕೊಂಟಮಾನಾದ ಹಲ್ಲುಗಳನ್ನು ಪಿಯರ್-ಒಲಿವಿಯೆ ಆಂಟ್ವಾನ್ ಮತ್ತು ಜೊತೆಗಾರರು 2012ರಲ್ಲಿ ವಿವರಿಸಿದರು. ವಯಸ್ಸು ಸುಮಾರು 4 ಕೋಟಿ 10 ಲಕ್ಷ ವರ್ಷ ಅಂದರು. ಗಿಡ್ಡ ಹಲ್ಲು, ಚಿಕ್ಕ ದೇಹ, ಬಿಸಿಯಾದ ಮಳೆಕಾಡು. ಆದರೆ 2021ರಲ್ಲಿ ಕೆನೆತ್ ಕ್ಯಾಂಪ್‌ಬೆಲ್ ಮತ್ತು ಇತರರು ಸಾಂಟಾ ರೋಸಾದ ಮಣ್ಣಿನ ಜಿರ್ಕಾನ್ ಹರಳುಗಳ ವಯಸ್ಸು ಅಳೆದು, ಅಲ್ಲಿಯ ಇಲಿಗಳ ಜೊತೆ ಹೋಲಿಸಿ, ಕೊಂಟಮಾನಾದ್ದೂ ಇಷ್ಟು ಹಳೆಯದಲ್ಲ, ಆಲಿಗೋಸಿನ್ ಯುಗದ ಮೊದಲ ಭಾಗದ್ದು, ಅಂದರೆ 3 ಕೋಟಿ 40 ಲಕ್ಷ ವರ್ಷಗಳಿಗಿಂತ ಈಚಿನದು ಎಂದರು. ಇದು ಸುಮ್ನೆ ಅಂಕಿಯ ಜಗಳ ಅಲ್ಲ. 3 ಕೋಟಿ 40 ಲಕ್ಷ ವರ್ಷಗಳ ಹಿಂದೆ ಭೂಮಿ ದೊಡ್ಡ ಪ್ರಮಾಣದಲ್ಲಿ ತಣ್ಣಗಾಯಿತು, ಅಂಟಾರ್ಕ್ಟಿಕಾದ ಮೇಲೆ ಹಿಮದ ಹಾಸು ಕಟ್ಟತೊಡಗಿತು. ಇಲಿಗಳು ಆ ತಂಪಿಗೆ ಮುಂಚೆ ಬಂದಿದ್ದರೆ, ಬಿಸಿ ಕಾಡಿನಲ್ಲಿ ಲಕ್ಷಾಂತರ ತಲೆಮಾರು ನಿಧಾನವಾಗಿ ಕವಲೊಡೆದವು ಅನ್ನಬೇಕು. ಆಮೇಲೆ ಬಂದಿದ್ದರೆ, ಕಾಲಿಟ್ಟ ಕೂಡಲೇ ಒಣಗುತ್ತಿದ್ದ ಭೂಖಂಡದಲ್ಲಿ ಬಹಳ ವೇಗವಾಗಿ ಹತ್ತಾರು ಬಗೆ ಆದವು ಅನ್ನಬೇಕು. ಯಾಕೆಂದರೆ ಚಿಲಿಯಲ್ಲಿ ಸುಮಾರು 3 ಕೋಟಿ 30 ಲಕ್ಷ ವರ್ಷದ ಹೊತ್ತಿಗೇ ಅವು ಹಾಜರಿವೆ.

ಚಿಲಿಯ ಆ ಜಾಗ ತಿಂಗಿರಿರಿಕಾ. ನದಿಯ ಹೆಸರು, ಕಣಿವೆಯ ಹೆಸರು ಎರಡೂ ಅದೇ. ಆಂಡೀಸ್ ಪರ್ವತಗಳ ನಡುವೆ, ಅರ್ಜೆಂಟೀನಾ ಗಡಿಯ ಹತ್ತಿರ. 1988ರಲ್ಲಿ ಜಾನ್ ಫ್ಲಿನ್, ಆಂಡ್ರೆ ವೈಸ್, ರೆನಾಲ್ಡೊ ಶಾರಿಯೆ ಅಲ್ಲಿಗೆ ಹೋದಾಗ ಆ ಬಂಡೆಗಳು ಡೈನೋಸಾರ್ ಕಾಲದವು ಅನ್ನುವ ಅಂದಾಜಿತ್ತು. ಸಿಕ್ಕಿದ್ದು ಸಸ್ತನಿಗಳು. ಜ್ವಾಲಾಮುಖಿಯ ಬೂದಿ, ಕೆಸರು ಗಟ್ಟಿಯಾಗಿ ಆದ ಕಲ್ಲಿನಲ್ಲಿ ಹುದುಗಿದ್ದ ದವಡೆಗಳು, ಹಲ್ಲುಗಳು. ಜ್ವಾಲಾಮುಖಿ ಕಲ್ಲಾಗಿದ್ದರಿಂದ ವಯಸ್ಸನ್ನೂ ನೇರವಾಗಿ ಅಳೆಯಬಹುದಿತ್ತು. ಅಲ್ಲಿಯ ಒಂದು ದಂಶಕವನ್ನು 1993ರಲ್ಲಿ ದಕ್ಷಿಣ ಅಮೆರಿಕದ ಅತಿ ಹಳೆಯ ದಂಶಕ ಅಂತ ಪ್ರಕಟಿಸಿದರು. 2012ರಲ್ಲಿ ಅಲ್ಲಿಯ ಎರಡು ದಂಶಕಗಳಿಗೆ ಸರಿಯಾದ ಹೆಸರು ಬಂತು. ಒಂದು ಆಂಡೆಮಿಸ್. ಇನ್ನೊಂದು ಇಯೋವಿಸ್ಕಾಕಿಯಾ, ಅದು ಚಿಂಚಿಲಾ ಬಳಗದ್ದು.

ಇಯೋವಿಸ್ಕಾಕಿಯಾದ ದವಡೆ ಹಲ್ಲು ಎತ್ತರ. ಅಲ್ಲಿಯ ಗೊರಸಿನ ಪ್ರಾಣಿಗಳಲ್ಲೂ ಬಹುಪಾಲಿಗೆ ಎತ್ತರದ ಹಲ್ಲು. ಹೀಗಾಗಿ ಅವರ ತೀರ್ಮಾನ ಸರಳ: ಇಲ್ಲಿ ಹುಲ್ಲು ಹರಡಿದ ತೆರೆದ ಬಯಲು ಇತ್ತು. ಬೇರೆ ಭೂಖಂಡಗಳಲ್ಲಿ ಇಂಥ ಹುಲ್ಲುಗಾವಲು ಬರುವುದಕ್ಕಿಂತ ಸುಮಾರು ಒಂದೂವರೆ ಕೋಟಿ ವರ್ಷ ಮುಂಚೆ. ಹುಲ್ಲಿಗೂ ಹಲ್ಲಿಗೂ ಸಂಬಂಧ ಏನು ಅಂದರೆ, ಹುಲ್ಲಿನ ಎಲೆಯೊಳಗೆ ಸಿಲಿಕಾದ ಸಣ್ಣ ಕಣಗಳಿರುತ್ತವೆ. ಭತ್ತದ ಗದ್ದೆಗೆ ಇಳಿದವರ ಕೈಕಾಲು ಗೀರುವುದು ಇದೇ ಸಿಲಿಕಾದಿಂದ. ಅದನ್ನೇ ದಿನವೂ ಅಗಿಯುವ ಪ್ರಾಣಿಯ ಹಲ್ಲು ಸವೆಯುತ್ತದೆ, ಎತ್ತರದ ಹಲ್ಲು ಇದ್ದವು ಉಳಿಯುತ್ತವೆ. ವಾದ ಗಟ್ಟಿಯಾಗಿತ್ತು. ಎಷ್ಟೋ ಪುಸ್ತಕಗಳಲ್ಲಿ ಹಾಗೇ ಬರೆದಿದ್ದಾರೆ.

ಈಗ ಅರ್ಜೆಂಟೀನಾದ ಕಡೆ ಬನ್ನಿ. ಪಟಗೋನಿಯಾದಲ್ಲಿ ಗ್ರಾನ್ ಬರಾಂಕಾ ಅಂತ ಒಂದು ಉದ್ದನೆಯ ಮಣ್ಣಿನ ದಿಬ್ಬದ ಗೋಡೆ ಇದೆ. ಸುಮಾರು 4 ಕೋಟಿ 30 ಲಕ್ಷದಿಂದ 1 ಕೋಟಿ 80 ಲಕ್ಷ ವರ್ಷದವರೆಗಿನ ಪದರಗಳು ಅಲ್ಲಿ ಒಂದರ ಮೇಲೊಂದು ಕೂತಿವೆ. ಎತ್ತರದ ಹಲ್ಲಿನ ಪ್ರಾಣಿಗಳು ಈ ಗೋಡೆಯಲ್ಲೂ ಬೇಗನೆ ಕಾಣಿಸುತ್ತವೆ. ಕ್ಯಾರೊಲಿನ್ ಸ್ಟ್ರೋಂಬರ್ಗ್ ಮತ್ತು ಅವರ ತಂಡ ಇಲ್ಲಿ ಹಲ್ಲು ಹುಡುಕಲಿಲ್ಲ. ನಾನು ಈಗ ಹೇಳಿದೆನಲ್ಲ, ಆ ಸಿಲಿಕಾ ಕಣಗಳನ್ನೇ ಹುಡುಕಿದರು. ಅವಕ್ಕೆ ಫೈಟೋಲಿತ್ ಅಂತ ಹೆಸರು. ಎಲೆ ಕೊಳೆತು ಹೋದರೂ ಕಣ ಮಣ್ಣಿನಲ್ಲಿ ಉಳಿಯುತ್ತದೆ. ತಾಳೆ ಜಾತಿಯ ಮರದ ಕಣದ ಆಕಾರ ಒಂದು, ಹುಲ್ಲಿನ ಕಣದ ಆಕಾರ ಇನ್ನೊಂದು. ಪದರ ಪದರವಾಗಿ ಎಣಿಸಿದಾಗ ಸಿಕ್ಕಿದ್ದು ತಾಳೆ ಮರಗಳು ತುಂಬಿದ ಕಾಡು. ಹುಲ್ಲು ಇತ್ತು, ಆದರೆ ಹುಲ್ಲುಗಾವಲು ಇರಲಿಲ್ಲ. 2013ರಲ್ಲಿ ಇದು ಪ್ರಕಟವಾಯಿತು.

ಹಾಗಾದರೆ ಆ ಎತ್ತರದ ಹಲ್ಲು ಯಾಕೆ? ಸೊಪ್ಪನ್ನು ಸರಿಯಾಗಿ ತೊಳೆಯದೆ ಸಾರು ಮಾಡಿದರೆ ಹಲ್ಲಿಗೆ ಕರಕರ ಅನ್ನುತ್ತದಲ್ಲ, ಉತ್ತರ ಅಲ್ಲಿದೆ. ಸವೆಸಿದ್ದು ಸೊಪ್ಪಲ್ಲ, ಸೊಪ್ಪಿನ ಮೇಲಿನ ಮಣ್ಣು. ಪಟಗೋನಿಯಾದಲ್ಲಿ ಅದು ಜ್ವಾಲಾಮುಖಿಯ ಬೂದಿ. ಗ್ರಾನ್ ಬರಾಂಕಾದ ಗೋಡೆಯ ಬಹುಭಾಗ ಬೂದಿಯಿಂದಲೇ ಆಗಿದೆ. ಅಂದರೆ ಅದು ಮತ್ತೆ ಮತ್ತೆ ಆಕಾಶದಿಂದ ಉದುರಿ ಪ್ರತಿ ಎಲೆಯ ಮೇಲೂ ಕೂರುತ್ತಿತ್ತು. ಬೂದಿ ಅಂದರೆ ಒಲೆಯ ಬೂದಿ ಅಂದುಕೊಳ್ಳಬೇಡಿ, ಅದು ಚೂಪಾದ ಗಾಜಿನ ಚೂರುಗಳು. ಕಾಡಿನ ಎಲೆ ತಿಂದರೂ ಹಲ್ಲು ಸವೆಯುತ್ತಿತ್ತು.

ಇದರಿಂದ ತಿಂಗಿರಿರಿಕಾದ ಮಾತು ತಪ್ಪಾಯಿತೇ? ಜಾಗ ಬೇರೆ, ಬಹಳ ದೂರ ಕೂಡ. ಚಿಲಿಯ ಆ ಕಣಿವೆ ನಿಜಕ್ಕೂ ತೆರೆದ ಬಯಲಾಗಿದ್ದಿರಬಹುದು. ಆದರೆ ಅಲ್ಲಿಯ ಕಲ್ಲೂ ಜ್ವಾಲಾಮುಖಿ ಕಲ್ಲೇ ಅನ್ನುವುದನ್ನು ಮರೆಯುವ ಹಾಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹಲ್ಲು ಎತ್ತರ ಇದೆ ಅಂದಾಗ ಹಲ್ಲು ಸವೆಯುತ್ತಿತ್ತು ಅಂತ ಮಾತ್ರ ಹೇಳಬೇಕು. ಸವೆಸಿದ್ದು ಏನು ಅಂತ ಮಣ್ಣನ್ನು ಕೇಳಬೇಕು. ಈ ಕೆಲಸ ಮಾಡುವವರು ಹಲ್ಲಿನ ಜೊತೆ ಒಂದು ಹಿಡಿ ಮಣ್ಣನ್ನೂ ಡಬ್ಬಿಗೆ ಹಾಕಿಕೊಂಡು ಬರಲೇಬೇಕು ಅಂತ ನಾನು ಬಲವಾಗಿ ನಂಬಿದ್ದೇನೆ.

ಮುಂದಿನ ನಿಲ್ದಾಣ ಸಾಂಟಾ ಕ್ರೂಸ್, ಪಟಗೋನಿಯಾದ ದಕ್ಷಿಣ ತುದಿ. ಸುಮಾರು 1 ಕೋಟಿ 80 ಲಕ್ಷದಿಂದ 1 ಕೋಟಿ 60 ಲಕ್ಷ ವರ್ಷದ ಹಿಂದಿನ ಕಾಲ. ಈ ಪ್ರದೇಶದ ಪಳೆಯುಳಿಕೆಗಳು ಜಗತ್ತಿಗೆ ಗೊತ್ತಾಗಿದ್ದು ಅಮೆಗಿನೋ ಸೋದರರಿಂದ. ತಮ್ಮ ಕಾರ್ಲೋಸ್ 1887ರಿಂದ ವರ್ಷಗಟ್ಟಲೆ ಪಟಗೋನಿಯಾ ಸುತ್ತಿ ಸಂಗ್ರಹಿಸಿ ಕಳಿಸುತ್ತಿದ್ದ, ಅಣ್ಣ ಫ್ಲೊರೆಂಟಿನೊ ಕೂತು ವಿವರಿಸುತ್ತಿದ್ದರು. ಸಸ್ತನಿಗಳೆಲ್ಲ, ಮನುಷ್ಯ ಕೂಡ, ಅರ್ಜೆಂಟೀನಾದಲ್ಲೇ ಹುಟ್ಟಿದ್ದು ಅನ್ನುವ ಫ್ಲೊರೆಂಟಿನೊ ವಾದ ನಿಲ್ಲಲಿಲ್ಲ. ಆದರೆ ಅವರಿಬ್ಬರು ಕಟ್ಟಿದ ಸಂಗ್ರಹ, ಕೊಟ್ಟ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಇಂದು ಅಲ್ಲಿ ಗಾಳಿ ಹೊಡೆತ, ಮೋಟು ಹುಲ್ಲು, ಮರದ ಸುಳಿವಿಲ್ಲ. ಆದರೆ ಆ ಪದರಗಳಲ್ಲಿ ಸ್ಟೈರೊಮಿಸ್ ಅನ್ನುವ ಪ್ರಾಣಿ ಸಿಗುತ್ತದೆ, ಅಮೆರಿಕದ ಮುಳ್ಳುಹಂದಿಗಳ ಬಳಗದ್ದು. ಅದರ ಕೈಕಾಲಿನ ಮೂಳೆ ನೋಡಿದರೆ ಮರ ಹತ್ತುತ್ತಿತ್ತು ಅಂತ ಗೊತ್ತಾಗುತ್ತದೆ. ಅದರ ಜೊತೆಗೇ ಒಂದು ಕೋತಿಯೂ ಸಿಗುತ್ತದೆ. ಹತ್ತುವವರು ಇದ್ದರು ಅಂದರೆ ಮರ ಇತ್ತು. ಅದೇ ಪದರಗಳಲ್ಲಿ ಬೆಳೆಯುತ್ತಲೇ ಇರುವ ಹಲ್ಲಿನ, ಬಯಲಲ್ಲಿ ಓಡಾಡುವ ದಂಶಕಗಳೂ ಇವೆ. ಹಾಗಾಗಿ ದಟ್ಟ ಕಾಡಲ್ಲ, ಮರಗಳ ಗುಂಪು, ನಡುನಡುವೆ ಬಯಲು. ಆಮೇಲೆ ಆಂಡೀಸ್ ಎದ್ದು ನಿಂತು ಪಶ್ಚಿಮದ ಮಳೆಗಾಳಿಯನ್ನು ತಡೆಯಿತು, ಪಟಗೋನಿಯಾ ಒಣಗಿತು.

ಸರಿ, ದೈತ್ಯರ ಸರದಿ. ವೆನೆಜುವೆಲಾದ ಉರುಮಾಕೊದಲ್ಲಿ ಇವತ್ತು ಕಳ್ಳಿ, ಮುಳ್ಳು, ಬಿಸಿಲು. 80 ಲಕ್ಷ ವರ್ಷದ ಹಿಂದೆ ಅಲ್ಲಿ ದೊಡ್ಡ ನದಿಯೊಂದು ಸಮುದ್ರ ಸೇರುತ್ತಿತ್ತು. ದೈತ್ಯ ಆಮೆ, ದೈತ್ಯ ಮೊಸಳೆಗಳ ಜೊತೆ ಫೋಬೆರೊಮಿಸ್ ಅನ್ನುವ ದಂಶಕ. ಅದರ ಬಹುಪಾಲು ಅಸ್ಥಿಪಂಜರ ಸಿಕ್ಕಿತು, 2003ರಲ್ಲಿ ವಿವರಿಸಿದಾಗ ತೂಕ 700 ಕಿಲೋ ಅಂದರು. ಬ್ರೆಜಿಲ್‌ನ ಆಕ್ರೆಯಲ್ಲಿ ಅದರ ನೆಂಟ ನಿಯೊಎಪಿಬ್ಲೆಮಾ ಇತ್ತು. ಅದರ ಬುರುಡೆಯನ್ನು ಸ್ಕ್ಯಾನ್ ಮಾಡಿ 2020ರಲ್ಲಿ ವರದಿ ಮಾಡಿದರು: ದೇಹ ಸುಮಾರು 80 ಕಿಲೋ, ಮೆದುಳು 47 ಗ್ರಾಂ. ಬೆಕ್ಕು-ನಾಯಿ ಬಳಗದ ಬೇಟೆಗಾರರು ಇನ್ನೂ ಬಂದಿರದ ಭೂಖಂಡದಲ್ಲಿ ದೊಡ್ಡ ಮೆದುಳಿಗೆ ಖರ್ಚು ಮಾಡುವ ಅಗತ್ಯ ಇರಲಿಲ್ಲ ಅನ್ನುವುದು ಅವರ ವಿವರಣೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಅದೇ ನದಿಗಳಲ್ಲಿ ಪುರುಸ್ಸಾರಸ್ ಅನ್ನುವ ಭಾರಿ ಮೊಸಳೆ ಬಾಯಿ ತೆರೆದು ಕೂತಿತ್ತು.

ಈಗ ನಾನು ಮೊದಲಿಗೇ ಹೇಳಿದ ಆ ದೈತ್ಯ ಇಲಿ, ಜೊಸೆಫೊಆರ್ಟಿಗೇಸಿಯಾ. ಉರುಗ್ವೆಯ ಕಿಯೂ ಕಡಲತೀರದಲ್ಲಿ, ಲಾ ಪ್ಲಾಟಾ ನದಿಮುಖದ ದಂಡೆಯ ಮೇಲೆ, 1987ರಲ್ಲಿ ಒಬ್ಬ ಹವ್ಯಾಸಿ ಸಂಗ್ರಾಹಕರಿಗೆ ಈ ಬುರುಡೆ ಸಿಕ್ಕಿತು. ಅವರು ಅದನ್ನು ಮೊಂಟೆವಿಡಿಯೊದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಆಂಡ್ರೆಸ್ ರಿಂಡರ್‌ಕ್ನೆಕ್ಟ್ ಮತ್ತು ಎರ್ನೆಸ್ಟೊ ಬ್ಲಾಂಕೊ 2008ರಲ್ಲಿ ವಿವರಿಸಿದರು. ಉದ್ದ 53 ಸೆಂಟಿಮೀಟರ್. ತೂಕ ಸರಾಸರಿ ಒಂದು ಟನ್ನಿಗೂ ಜಾಸ್ತಿ ಅಂತ ಅವರ ಲೆಕ್ಕ. ಅದೇ ವರ್ಷ ವರ್ಜಿನಿ ಮಿಲಿಯನ್ ಬೇರೆ ಲೆಕ್ಕ ಹಾಕಿ 350 ಕಿಲೋ ಅಂದರು. ಇಷ್ಟು ವ್ಯತ್ಯಾಸ ಯಾಕೆ ಅಂದರೆ, ದೇಹದ ಮೂಳೆ ಇಲ್ಲ, ಬರೀ ತಲೆ ಇದೆ. ಮೈಗೆ ಹೋಲಿಸಿದರೆ ತಲೆ ಎಷ್ಟು ದೊಡ್ಡದು ಅನ್ನುವುದು ಎಲ್ಲ ದಂಶಕಗಳಲ್ಲೂ ಒಂದೇ ಅಲ್ಲ. 2022ರಲ್ಲಿ ರಸೆಲ್ ಎಂಗಲ್‌ಮನ್ ತಲೆಬುರುಡೆ ಕತ್ತಿಗೆ ಕೂಡುವ ಗುಬುಟಿನ ಅಗಲದಿಂದ ಅಳೆದು, ಸುಮಾರು 480 ಕಿಲೋ ಅಂದರು. ಉರುಮಾಕೊದ ಫೋಬೆರೊಮಿಸ್ ಅದೇ ಲೆಕ್ಕದಲ್ಲಿ 200 ಕಿಲೋ ಮೀರಲಿಲ್ಲ. ನಾನು 480ನ್ನೇ ಹೇಳುವುದು. ಆ ಗುಬುಟು ತಲೆಯ ಭಾರ ಹೊರುವ ಜಾಗ, ದವಡೆಯ ಉದ್ದದ ಹಾಗೆ ಊಟಕ್ಕೆ ತಕ್ಕಂತೆ ಬದಲಾಗುವುದಿಲ್ಲ. 480 ಕಿಲೋ ಆದರೂ ಗೊತ್ತಿರುವ ದಂಶಕಗಳಲ್ಲೆಲ್ಲ ಅದೇ ದೊಡ್ಡದು.

ಬುರುಡೆಯಲ್ಲಿ ಒಂದು ವಿಚಿತ್ರ ನೋಡಿ. ಬಾಚಿಹಲ್ಲು ಭಾರಿ, ದವಡೆ ಹಲ್ಲು ಆ ತಲೆಗೆ ತೀರಾ ಚಿಕ್ಕದು. ಹುಲ್ಲು ಅರೆಯುವ ಬಾಯಿ ಇದಲ್ಲ. ನೀರಿನ ಗಿಡ, ಹಣ್ಣು, ಮೆತ್ತಗಿನ ಮೇವು ತಿನ್ನುತ್ತಿರಬೇಕು. ಆ ಪದರಗಳೂ ನದಿಮುಖ, ಮರಗಳಿರುವ ತೇವದ ನೆಲ ಅಂತಲೇ ಹೇಳುತ್ತವೆ. ಮೆತ್ತಗಿನ ಮೇವಿಗೆ ಅಷ್ಟು ದೊಡ್ಡ ಬಾಚಿಹಲ್ಲು ಯಾಕೆ? 2015ರಲ್ಲಿ ಫಿಲಿಪ್ ಕಾಕ್ಸ್ ಮತ್ತು ಉರುಗ್ವೆಯ ಇಬ್ಬರೂ ಸೇರಿ ಕಂಪ್ಯೂಟರಿನಲ್ಲಿ ಬುರುಡೆ ಕಟ್ಟಿ ಲೆಕ್ಕ ಹಾಕಿದರು. ಕಚ್ಚುವ ಬಲ ಸುಮಾರು 1400 ನ್ಯೂಟನ್. ಆದರೆ ಬಾಚಿಹಲ್ಲು ಅದರ ಮೂರರಷ್ಟು ಒತ್ತಡ ತಡೆಯುವಷ್ಟು ಗಟ್ಟಿ. ಅಂದರೆ ಅದು ಬರೀ ಕಚ್ಚೋಕೆ ಅಲ್ಲ. ನೆಲ ಅಗೆಯೋಕೆ, ಶತ್ರುವನ್ನು ಎದುರಿಸೋಕೆ, ಆನೆ ದಂತ ಬಳಸುವ ಹಾಗೆ.

ಕ್ಯಾಪಿಬಾರಾ ಬಗ್ಗೆ ಒಬ್ಬರು ಮಧ್ಯದಲ್ಲೇ ಕೇಳಿದರು: ಅದರ ಪಳೆಯುಳಿಕೆ ಸಿಕ್ಕರೆ ಅಲ್ಲಿ ನೀರಿತ್ತು ಅಂತ ಹೇಳಬಹುದಾ? ಇಂದಿನ ಕ್ಯಾಪಿಬಾರಾ ನೀರು ಬಿಟ್ಟು ದೂರ ಹೋಗಲ್ಲ, ನಿಜ. ಆದರೆ ಅದರ ಅತಿ ಹತ್ತಿರದ ನೆಂಟ ಮೊಕೊ. ಅದು ಬ್ರೆಜಿಲ್‌ನ ಒಣ ಬಂಡೆಗಳಲ್ಲಿ ಇರುವುದು. ಹಾಗಾಗಿ ಹುಷಾರಾಗಿರಬೇಕು. ಇನ್ನೊಂದು ತೊಡಕೂ ಇದೆ. ಕ್ಯಾಪಿಬಾರಾದ ದವಡೆ ಹಲ್ಲು ಬೆಳೆಯುತ್ತಾ ಆಕಾರವನ್ನೇ ಬದಲಿಸುತ್ತದೆ. ಹಿಂದಿನವರು ಮರಿ, ಹರೆಯದ್ದು, ಮುದಿ, ಒಂದೊಂದಕ್ಕೂ ಬೇರೆ ಬೇರೆ ಜಾತಿಯ ಹೆಸರಿಟ್ಟಿದ್ದರು. ಲಾ ಪ್ಲಾಟಾ ವಸ್ತುಸಂಗ್ರಹಾಲಯದ ಮರಿಯಾ ಗುಯೋಮಾರ್ ವುಸೆಟಿಚ್ ಮತ್ತು ಜೊತೆಗಾರರು 2005ರ ಹೊತ್ತಿಗೆ ಇದನ್ನು ಬಿಡಿಸಿ ಇಟ್ಟರು. ಹತ್ತು ಜಾತಿ ಇದ್ದ ನದಿ ದಡ, ಒಂದೇ ಜಾತಿಯ ಅಜ್ಜಿ-ಮೊಮ್ಮಕ್ಕಳು ಇದ್ದ ನದಿ ದಡ, ಇವೆರಡೂ ಒಂದೇ ಅಲ್ಲವಲ್ಲ.

ಕೊನೆಯದಾಗಿ ಅರ್ಜೆಂಟೀನಾದ ಕರಾವಳಿ. 1832ರಲ್ಲಿ ಮೊಂಟೆ ಎರ್ಮೊಸೊ ಅನ್ನುವ ಕಡೆ ಡಾರ್ವಿನ್‌ಗೆ ಒಂದು ದಂಶಕದ ಪಳೆಯುಳಿಕೆ ಸಿಕ್ಕಿತು. ಅಲ್ಲೇ ನೆಲದೊಳಗೆ ಬದುಕುವ ಟುಕೊ-ಟುಕೊ ಪ್ರಾಣಿಗೆ ಅದು ಹತ್ತಿರದ್ದು ಅಂತ ರಿಚರ್ಡ್ ಓವನ್ ಗುರುತಿಸಿದರು. ಈಗ ಅದಕ್ಕೆ ಆಕ್ಟೆನೊಮಿಸ್ ಅನ್ನುತ್ತಾರೆ. ಒಂದು ಜಾಗದ ಸತ್ತ ಪ್ರಾಣಿಗೂ ಅದೇ ಜಾಗದ ಬದುಕಿರುವ ಪ್ರಾಣಿಗೂ ನಂಟಿದೆ ಅನ್ನುವುದು ಡಾರ್ವಿನ್ ತಲೆಯಲ್ಲಿ ಕೂತಿದ್ದು ಇಂಥವುಗಳಿಂದ. ಮಾರ್ ಡೆಲ್ ಪ್ಲಾಟಾದ ದಕ್ಷಿಣಕ್ಕೆ ಚಾಪದ್ಮಲಾಲ್‌ನ ಕಡಲ ಕಡಿದಾದ ಗೋಡೆಗಳಲ್ಲಿ ಆಕ್ಟೆನೊಮಿಸ್‌ನ ಬಿಲಗಳೇ ಕಾಣುತ್ತವೆ. ಸುತ್ತಲಿನ ಮಣ್ಣಿಗಿಂತ ಬೇರೆ ಬಣ್ಣದ ಮಣ್ಣು ತುಂಬಿದ ಕೊಳವೆಗಳು, ಕೆಲವದರೊಳಗೆ ಪ್ರಾಣಿಯ ಅಸ್ಥಿಪಂಜರ ಹಾಗೇ ಇದೆ. ಬಿಲ ತೋಡುವಷ್ಟು ಮೆತ್ತಗಿನ, ಆದರೆ ಕುಸಿಯದಷ್ಟು ಗಟ್ಟಿ ಮಣ್ಣು, ಬೇರುಗಳಿರುವ ತೆರೆದ ಬಯಲು. ಅಷ್ಟನ್ನು ಹಲ್ಲಿನ ಸಹಾಯ ಇಲ್ಲದೆಯೂ ಇಲ್ಲಿ ಹೇಳಬಹುದು.

ಇದೇ ಹೊತ್ತಿಗೆ ಉತ್ತರದಿಂದ ಇನ್ನೊಂದು ಬಳಗದ ಇಲಿಗಳೂ ಬಂದವು. ಇಂದು ಆ ಖಂಡದಲ್ಲಿ ಅವುಗಳದ್ದೇ ನೂರಾರು ಜಾತಿ. ಆಫ್ರಿಕಾದಿಂದ ತೇಲಿ ಬಂದವರ ವಂಶವೂ ಅಳಿಯಲಿಲ್ಲ. ಟುಕೊ-ಟುಕೊ, ಚಿಂಚಿಲಾ, ಗಿನಿಪಿಗ್, ಕ್ಯಾಪಿಬಾರಾ ಎಲ್ಲ ಇವೆ. ಹೋದದ್ದು ದೈತ್ಯರ ಸಾಲು. ಜೊಸೆಫೊಆರ್ಟಿಗೇಸಿಯಾದ ಕುಟುಂಬದಲ್ಲಿ ಇಂದು ಬದುಕಿರುವುದು ಪಕರಾನಾ ಒಂದೇ. ಸುಮಾರು 10ರಿಂದ 15 ಕಿಲೋ ತೂಗುವ, ಮೈಮೇಲೆ ಬಿಳಿ ಮಚ್ಚೆಗಳ, ಆಂಡೀಸ್ ಇಳಿಜಾರಿನ ಕಾಡುಗಳಲ್ಲಿ ರಾತ್ರಿ ಹೊತ್ತು ಓಡಾಡುವ ಪ್ರಾಣಿ. ದೈತ್ಯನ ಹಲ್ಲಿನ ಸವೆತವನ್ನು ಅದರ ಮನೆಯವರ ಹಲ್ಲಿನ ಜೊತೆಯೇ ಹೋಲಿಸಬೇಕು ಅಂದರೆ, ಈ ಪಕರಾನಾ ಕಾಡಿನಲ್ಲಿ ಏನು ತಿನ್ನುತ್ತದೆ, ಯಾವ ಕಾಲದಲ್ಲಿ ತಿನ್ನುತ್ತದೆ ಅಂತ ಹಿಂದೆ ಬಿದ್ದು ನೋಡುವವರು ಬೇಕು.